ಹುಬ್ಬಳ್ಳಿಯ ಅಳಿಯ, ರಿಸರ್ವ್ ಬ್ಯಾಂಕಿನ ಗವರ್ನರ್: ಬೆನಗಲ್ ರಾಮರಾವ್



ನಿಮ್ಮ ಕಿಸೆಯಲ್ಲಿ ಹತ್ತು ರೂಪಾಯಿಯ ನೋಟು ಇದ್ದರೆ ಒಮ್ಮೆ ಹೊರಗೆ ತೆಗೆದು ನೋಡಿರಿ. ಅದರ ಮೇಲೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಇರುತ್ತದೆ. ಅಷ್ಟು ಮೊತ್ತವನ್ನು ಕೊಡುತ್ತೇನೆಂದು ಅವರು ದೇಶದ ಜನರಿಗೆ ಕೊಟ್ಟ ಮಾತಿನ ಗುರುತು ಅದು. 1949ರಿಂದ 1957ರವರೆಗೆ ಆ ಸಹಿ ಹಾಕುವ ಹೊಣೆ ನಮ್ಮ ಕನ್ನಡ ನಾಡಿನ ಒಬ್ಬರ ಮೇಲಿತ್ತು. ಅವರೇ ಸರ್ ಬೆನಗಲ್ ರಾಮರಾವ್. ಗೋಪನಕೊಪ್ಪದಲ್ಲಿ ಕುಳಿತು ಅವರ ಬಗ್ಗೆ ಓದಲು ಇನ್ನೊಂದು ಕಾರಣವೂ ಉಂಟು. ಅವರು ನಮ್ಮ ಹುಬ್ಬಳ್ಳಿಯ ಅಳಿಯ!

ರಾಮರಾಯರು 1889ರಲ್ಲಿ ಮಂಗಳೂರಿನ ಕಡೆಯ ಬೆನಗಲ್ ಮನೆತನದಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಆ ಮನೆಯಲ್ಲಿ ಆಸ್ತಿಗಿಂತ ವಿದ್ಯೆಗೇ ಹೆಚ್ಚಿನ ಬೆಲೆ. ಅಣ್ಣ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು, ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಇನ್ನೊಬ್ಬ ಸಹೋದರ ಶಿವರಾಯರು ಹೆಸರಾಂತ ಪತ್ರಕರ್ತರು, ಮೊದಲ ಲೋಕಸಭೆಯ ಸದಸ್ಯರು. ಒಂದೇ ಮನೆಯ ಮೂವರು ಮಕ್ಕಳು ವಿದ್ಯೆಯ ಬಲದಿಂದ ಎಲ್ಲಿಗೆ ಮುಟ್ಟಿದರು, ನೋಡಿರಿ.

ರಾಮರಾಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲೂ ಓದಿ ಐ.ಸಿ.ಎಸ್. ಸೇರಿದರು. ಭಾರತೀಯರು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಬಹಳ ಅಪರೂಪವಾಗಿದ್ದ ಕಾಲವದು.

ಅವರ ಪತ್ನಿ ಧನವಂತಿ, ಕಾಶ್ಮೀರ ಮೂಲದ ಹಂಡೂ ಮನೆತನದವರು. 1893ರಲ್ಲಿ ಜನಿಸಿದ ಆಕೆ ಬೆಳೆದದ್ದು ಇದೇ ಹುಬ್ಬಳ್ಳಿಯಲ್ಲಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲೂ ಹಿಂದೆಮುಂದೆ ನೋಡುತ್ತಿದ್ದ ದಿನಗಳಲ್ಲಿ ಆಕೆ ಮದರಾಸಿಗೆ ಹೋಗಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು, ಅನಂತರ ಅಲ್ಲಿಯ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. ಕಾಶ್ಮೀರದ ಮನೆಯ ಹುಡುಗಿ, ಕರಾವಳಿಯ ಹುಡುಗ. ಭಾಷೆ ಬೇರೆ, ಪ್ರಾಂತ ಬೇರೆ. ಅಂದಿನ ಸಮಾಜದಲ್ಲಿ ಇಂಥ ಮದುವೆ ಸುಲಭದ ಮಾತಾಗಿರಲಿಲ್ಲ. ಮುಂದೆ ಧನವಂತಿಯವರು ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು. 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. 1959ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ಅವರ ಮಗಳು ಶಾಂತಾ ರಾಮರಾವ್ ಇಂಗ್ಲಿಷಿನಲ್ಲಿ ಪ್ರಸಿದ್ಧ ಲೇಖಕಿ.

ರಾಮರಾಯರ ಸೇವೆ ಹಲವು ದೇಶಗಳಲ್ಲಿ ನಡೆಯಿತು. 1938ರಿಂದ 1941ರವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಬಣ್ಣಭೇದದ ಆ ನೆಲದಲ್ಲಿ ಭಾರತೀಯರ ಹಕ್ಕುಗಳ ಪರವಾಗಿ ಮಾತನಾಡುವುದು ಅವರ ಕೆಲಸವಾಗಿತ್ತು. ಆಮೇಲೆ ಮುಂಬಯಿ ಬಂದರು ಮಂಡಳಿಯ ಅಧ್ಯಕ್ಷತೆ. ಸ್ವಾತಂತ್ರ್ಯ ಬಂದ ಮೇಲೆ ಜಪಾನ್ ಮತ್ತು ಅಮೆರಿಕಗಳಲ್ಲಿ ಭಾರತದ ಪ್ರತಿನಿಧಿತ್ವ. ಅಮೆರಿಕದಿಂದ ಬಂದವರೇ 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರರಾದರು.

ಬ್ಯಾಂಕು ಆಗಷ್ಟೇ ರಾಷ್ಟ್ರೀಕರಣಗೊಂಡು ಆರು ತಿಂಗಳಾಗಿತ್ತು. ದೇಶ ವಿಭಜನೆಯ ಗಾಯ ಇನ್ನೂ ಮಾಗಿರಲಿಲ್ಲ. ಅವರು ಅಧಿಕಾರ ವಹಿಸಿಕೊಂಡ ಮೂರೇ ತಿಂಗಳೊಳಗೆ ರೂಪಾಯಿಯ ಅಪಮೌಲ್ಯವೂ ಆಯಿತು. ಇಂಥ ಹೊತ್ತಿನಲ್ಲಿ ಅವರ ಕಾಲದ ರಿಸರ್ವ್ ಬ್ಯಾಂಕು ಹಳ್ಳಿಯ ಕಡೆಗೆ ಕಣ್ಣು ಹಾಯಿಸಿತು. 1951ರಲ್ಲಿ ಗ್ರಾಮೀಣ ಸಾಲದ ಅಖಿಲ ಭಾರತ ಸಮೀಕ್ಷೆ ಆರಂಭವಾಯಿತು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ 1,27,343 ಕುಟುಂಬಗಳ ಲೆಕ್ಕ ಕೇಳಲಾಯಿತು. ಕಂಡ ಸತ್ಯ ಕಹಿಯಾಗಿತ್ತು. ರೈತ ತಂದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳಿಂದ ಬಂದದ್ದು ಸುಮಾರು ಮೂರು ರೂಪಾಯಿ, ಸಾಹುಕಾರರಿಂದ ಬಂದದ್ದು ಸುಮಾರು ಎಪ್ಪತ್ತು! ನಮ್ಮ ಪಕ್ಕದ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರಿ ಸಂಘ ಹುಟ್ಟಿತ್ತು. ಅಂಥ ಬೀಜ ಬಿದ್ದು ಅರ್ಧ ಶತಮಾನ ಕಳೆದರೂ ಬೆಳೆ ಎಷ್ಟು ಕಡಿಮೆ ಬಂದಿತ್ತೆಂಬುದು ಆ ಲೆಕ್ಕದಿಂದ ತಿಳಿಯಿತು. ಸಮೀಕ್ಷೆಯ ಸಲಹೆಯಂತೆ ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಅದಕ್ಕೆ ಬಂತು. ಇಂದು ನಿಮ್ಮ ವಿದ್ಯಾರ್ಥಿವೇತನ ಜಮೆಯಾಗುವ ಖಾತೆ ಸ್ಟೇಟ್ ಬ್ಯಾಂಕಿನಲ್ಲಿದ್ದರೆ ಈ ಇತಿಹಾಸವನ್ನು ನೆನೆಯಿರಿ.

ಮಿತ್ರರೇ, ಈಗ ಅವರ ಬದುಕಿನ ಮುಖ್ಯ ಘಟನೆಗೆ ಬರೋಣ.

1956ರಲ್ಲಿ ಟಿ. ಟಿ. ಕೃಷ್ಣಮಾಚಾರಿಯವರು ಅರ್ಥಸಚಿವರಾದರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ಹಣ ಬೇಕಾಗಿತ್ತು. ಆ ವರ್ಷದ ನವೆಂಬರ್ ಕೊನೆಗೆ ಅವರು ಮಂಡಿಸಿದ ತೆರಿಗೆ ಪ್ರಸ್ತಾವದಲ್ಲಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ಮೇಲ್ನೋಟಕ್ಕೆ ಅದು ಸಣ್ಣ ವಿಷಯ. ಆದರೆ ಬ್ಯಾಂಕುಗಳು ಇಂಥ ಹುಂಡಿಗಳ ಆಧಾರದ ಮೇಲೆಯೇ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದವು. ಶುಲ್ಕ ಏರಿದರೆ ಸಾಲ ತುಟ್ಟಿಯಾಗುತ್ತದೆ, ಅಂದರೆ ಬಡ್ಡಿದರ ಏರಿದಂತೆಯೇ. ಬಡ್ಡಿದರ ನಿರ್ಧರಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. ಆ ಕೆಲಸವನ್ನು ಸರ್ಕಾರ ತೆರಿಗೆಯ ಹಿತ್ತಲ ಬಾಗಿಲಿನಿಂದ ಮಾಡಿತ್ತು.

ರಾಮರಾಯರು ಆಕ್ಷೇಪ ಎತ್ತಿದರು. ಬ್ಯಾಂಕಿನ ಕೇಂದ್ರ ಮಂಡಳಿಯೂ ಲಿಖಿತವಾಗಿ ಅಸಮಾಧಾನ ತಿಳಿಸಿತು. ಅರ್ಥಸಚಿವರ ದೃಷ್ಟಿಯಲ್ಲಿ ರಿಸರ್ವ್ ಬ್ಯಾಂಕು ತಮ್ಮ ಸಚಿವಾಲಯದ ಒಂದು ವಿಭಾಗವಿದ್ದಂತೆ. ಅವರು ಗವರ್ನರರೊಡನೆ ಕಟುವಾಗಿಯೇ ನಡೆದುಕೊಂಡರು. ವಿಷಯ ಪ್ರಧಾನಿ ನೆಹರೂ ಅವರವರೆಗೆ ಹೋಯಿತು. ಬ್ಯಾಂಕಿಗೆ ಸ್ವಾಯತ್ತತೆ ಇದ್ದರೂ ಸರ್ಕಾರದ ನೀತಿಗೆ ಅದು ಒಳಪಟ್ಟೇ ಇರಬೇಕೆಂದು ಹೇಳಿ ನೆಹರೂ ಸಚಿವರ ಪರ ನಿಂತರು.

ಸಚಿವರ ವಾದದಲ್ಲಿ ಹುರುಳಿಲ್ಲವೆಂದು ನೀವು ತಿಳಿಯಬಾರದು. ಜನರಿಂದ ಆರಿಸಿ ಬಂದವರಿಗೆ ಕೊನೆಯ ಮಾತು ಇರಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ನೋಟಿನ ಬೆಲೆ ಕಾಯುವವರನ್ನು ಕೇಳದೆಯೇ ಅವರ ಕೆಲಸದಲ್ಲಿ ಕೈ ಹಾಕಬಹುದೇ ಎಂಬುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಈ ಚರ್ಚೆ ಇನ್ನೂ ಮುಗಿದಿಲ್ಲ. 2018ರ ಡಿಸೆಂಬರಿನಲ್ಲಿ ಸರ್ಕಾರದೊಂದಿಗೆ ಭಿನ್ನಾಭಿಪ್ರಾಯದ ನಡುವೆ ಗವರ್ನರ್ ಊರ್ಜಿತ್ ಪಟೇಲ್ ರಾಜೀನಾಮೆ ಕೊಟ್ಟಾಗ ಪತ್ರಿಕೆಗಳು ರಾಮರಾಯರನ್ನು ಮತ್ತೆ ನೆನೆದವು.

ರಾಮರಾಯರು ಬೀದಿಗಿಳಿದು ಜಗಳಾಡಲಿಲ್ಲ. ಕುರ್ಚಿ ಉಳಿಸಿಕೊಳ್ಳಲು ತಲೆಯನ್ನೂ ಬಾಗಿಸಲಿಲ್ಲ. ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟು 1957ರ ಜನವರಿ 14ರಂದು ಹೊರನಡೆದರು. ಏಳೂವರೆ ವರ್ಷಗಳ ಅವರ ಅವಧಿ ಆ ಹುದ್ದೆಯಲ್ಲಿ ಇಂದಿಗೂ ಅತಿ ದೀರ್ಘವಾದದ್ದು. ಮುಂದಿನ ವರ್ಷವೇ ಜೀವವಿಮಾ ನಿಗಮದ ಹಣ ಹೂಡಿಕೆಯ ಮುಂಧ್ರಾ ಪ್ರಕರಣದಲ್ಲಿ, ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಆಯೋಗದ ವಿಚಾರಣೆಯ ನಂತರ, ಕೃಷ್ಣಮಾಚಾರಿಯವರೂ ಸಚಿವ ಸ್ಥಾನ ಬಿಡಬೇಕಾಯಿತು.

ರಿಸರ್ವ್ ಬ್ಯಾಂಕಿನ ಕುರ್ಚಿಯಿಂದ ರಾಷ್ಟ್ರ ನಾಯಕತ್ವಕ್ಕೆ ಏರಿದವರಿದ್ದಾರೆ. ರಾಮರಾಯರಿಗಿಂತ ಹಿಂದಿನ ಗವರ್ನರ್ ಸಿ. ಡಿ. ದೇಶಮುಖರು ಅರ್ಥಸಚಿವರಾದರು. 1982ರಿಂದ 1985ರವರೆಗೆ ಗವರ್ನರರಾಗಿದ್ದ ಡಾ. ಮನಮೋಹನ್ ಸಿಂಗ್ ಹತ್ತು ವರ್ಷ ಪ್ರಧಾನಿಯಾಗಿದ್ದರು. ರಾಮರಾಯರು ಅಂಥ ಪದವಿಗೆ ಏರಲಿಲ್ಲ. 1969ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಧನವಂತಿಯವರು 1987ರವರೆಗೆ ಬದುಕಿದ್ದರು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಬ್ಯಾಂಕ್ ಪರೀಕ್ಷೆ ಬರೆಯುವಿರಿ, ಕೆಲವರು ಕೆ.ಎ.ಎಸ್., ಐ.ಎ.ಎಸ್. ಕನಸು ಕಾಣುವಿರಿ. ಹುದ್ದೆಗೆ ಏರುವ ದಾರಿಯನ್ನು ಪುಸ್ತಕಗಳು ಕಲಿಸುತ್ತವೆ. ಆ ಹುದ್ದೆಯ ಮಾನಕ್ಕೆ ಕುಂದು ಬಂದಾಗ ಕೆಳಗಿಳಿಯುವ ಧೈರ್ಯವನ್ನು ಮಾತ್ರ ಇಂಥವರ ಬದುಕಿನಿಂದಲೇ ಕಲಿಯಬೇಕು. ಇನ್ನು ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ನೂರು ವರ್ಷಗಳ ಹಿಂದೆಯೇ ಈ ಹುಬ್ಬಳ್ಳಿಯಲ್ಲಿ ಬೆಳೆದ ಒಬ್ಬ ಹುಡುಗಿ ಮದರಾಸಿಗೆ ಹೋಗಿ ಕಾಲೇಜು ಓದಿ, ಅಲ್ಲೇ ಪಾಠ ಹೇಳಿದ್ದಳು. ಇಂದು ನಿಮ್ಮ ಕಾಲೇಜು ಮನೆಯಿಂದ ಒಂದು ಬಸ್ಸಿನ ದೂರದಲ್ಲಿದೆ. ಓದನ್ನು ಅರ್ಧಕ್ಕೆ ನಿಲ್ಲಿಸಬೇಡಿರಿ.