ಗುರಜಾಡ ಅಪ್ಪಾರಾವ್: ಜನದ ಮಾತಿಗೊಲಿದ ಕಾವ್ಯ

ಆಧುನಿಕ ತೆಲುಗು ಕಾವ್ಯದ ಪ್ರವರ್ತಕರಲ್ಲಿ ಅಗ್ರಗಣ್ಯರಾದ ಗುರಜಾಡ ಅಪ್ಪಾರಾಯರು ೧೮೬೨ರ ಸೆಪ್ಟೆಂಬರ್ ೨೧ರಂದು ವಿಶಾಖಪಟ್ಟಣ ಜಿಲ್ಲೆಯ ರಾಯವರದಲ್ಲಿ ಜನಿಸಿದರು. ವಿಜಯನಗರಂನ ಮಹಾರಾಜರ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಅಲ್ಲಿಯೇ ಅಧ್ಯಾಪಕರಾಗಿ, ಮುಂದೆ ಆನಂದ ಗಜಪತಿ ಮಹಾರಾಜರ ಆಸ್ಥಾನದ ಆಶ್ರಯದಲ್ಲಿ ಬಾಳಿದರು. ಅವರು ಮೊದಲು ಒಲಿದದ್ದು ಇಂಗ್ಲಿಷ್ ಕವಿತೆಗೆ. ಅವರ 'ಸಾರಂಗಧರ'ವನ್ನು ಮೆಚ್ಚಿದ ಕಲ್ಕತ್ತೆಯ ಪತ್ರಿಕಾ ಸಂಪಾದಕ ಶಂಭುಚಂದ್ರ ಮುಖರ್ಜಿಯವರೇ ಮಾತೃಭಾಷೆಯಲ್ಲಿ ಬರೆಯುವಂತೆ ಹಿತವಚನವಿತ್ತರು.

ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ ೧,೦೩೪ ಕನ್ಯಾಶುಲ್ಕ ವಿವಾಹಗಳು ನಡೆದಿದ್ದವೆಂದು ಮಹಾರಾಜರು ಮಾಡಿಸಿದ ಗಣನೆ ತಿಳಿಸಿತು. ಈ ಲೆಕ್ಕದ ಹಿಂದಿದ್ದ ಹೆಣ್ಣುಮಕ್ಕಳ ಗೋಳು ೧೮೯೨ರಲ್ಲಿ ರಂಗವೇರಿದ 'ಕನ್ಯಾಶುಲ್ಕಂ' ನಾಟಕಕ್ಕೆ ವಸ್ತುವಾಯಿತು. ಮುದುಕನಿಗೆ ಮಾರಾಟವಾಗಿ ಕೊಳಕ್ಕೆ ಬಿದ್ದು ಪ್ರಾಣಬಿಡುವ ಹುಡುಗಿಯ ಕಥನಗೀತೆ 'ಪೂರ್ಣಮ್ಮ'ನಿಗೂ ಅದೇ ಮೂಲ.

೧೯೧೦ರಲ್ಲಿ ಪ್ರಕಟವಾದ 'ಮುತ್ಯಾಲ ಸರಾಲು' ಅವರ ಕಾವ್ಯಜೀವನದ ನಿರ್ಣಾಯಕ ಘಟ್ಟ. ಆ ವರ್ಷ ಆಗಸದಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತು, ಅದರ ಬಗೆಗೆ ಜನರಿಗಿದ್ದ ಭಯ, ಸಮಾಜಸುಧಾರಣೆಯ ಚರ್ಚೆ, ಹೀಗೆ ಅಂದಂದಿನ ಬದುಕೇ ಇಲ್ಲಿ ಕವಿತೆಯಾಯಿತು. ಯತಿಪ್ರಾಸಗಳ ಕಟ್ಟು ಸಡಿಲಿತು. ಮೂರು ನಾಲ್ಕು ಮಾತ್ರೆಗಳ ಇದರ ನಡೆ ನಮ್ಮ ಭಾಮಿನಿ ಷಟ್ಪದಿಯ ಗತಿಯನ್ನು ಬಲ್ಲವರ ಕಿವಿಗೆ ಪರಿಚಿತವೇ. ೧೯೧೧ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಕನ್ನಡದಲ್ಲಿ ಆದಿಪ್ರಾಸವನ್ನು ತ್ಯಜಿಸಿದುದನ್ನು ಇದರೊಡನೆ ನೆನೆದಾಗ, ಎರಡು ನುಡಿಗಳ ಹೊಸಕಾವ್ಯ ಒಂದೇ ಹೊತ್ತಿನಲ್ಲಿ ಕಣ್ತೆರೆದುದು ಮನದಟ್ಟಾಗುತ್ತದೆ. ಆದರೆ ಅಪ್ಪಾರಾಯರಿಗೆ ಛಂದಸ್ಸಿನ ಬಿಡುಗಡೆಯಷ್ಟೇ ಸಾಲದಾಗಿತ್ತು. ಪಂಡಿತರ ವ್ಯಾಖ್ಯಾನದ ನೆರವಿಲ್ಲದೆ ಓದುಗನೂ ಕೇಳುಗನೂ ಕವಿತೆಯನ್ನು ತಮ್ಮದಾಗಿಸಿಕೊಳ್ಳಬೇಕೆಂಬುದು ಅವರ ಹಂಬಲ.

ಈ ಹಂಬಲಕ್ಕೆ ವಿದ್ವತ್ ವಲಯದ ವಿರೋಧ ತೀವ್ರವಾಗಿತ್ತು. ಶಾಲಾ ಕಾಲೇಜುಗಳ ಬರವಣಿಗೆಯಲ್ಲಿ ವ್ಯಾವಹಾರಿಕ ತೆಲುಗಿಗೆ ಸ್ಥಾನವಿರಬೇಕೆಂದು ಗಿಡುಗು ರಾಮಮೂರ್ತಿಯವರೊಡನೆ ಹೋರಾಡಿದ ಅಪ್ಪಾರಾಯರು, ೧೯೧೪ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಸುದೀರ್ಘವಾದ ಭಿನ್ನಮತ ಪತ್ರವನ್ನು ಸಲ್ಲಿಸಿದರು. ಬಹುಮತ ಗ್ರಾಂಥಿಕವಾದಿಗಳ ಕಡೆಗಿತ್ತು. ಸೋಲಿನ ಆ ದಿನಗಳಲ್ಲಿಯೇ, ೧೯೧೫ರ ನವೆಂಬರ್ ೩೦ರಂದು, ಅವರು ತೀರಿಕೊಂಡರು. ಮುಂದಿನ ದಶಕಗಳಲ್ಲಿ ಪತ್ರಿಕೆ, ಕಥೆ, ಪಠ್ಯಗಳು ಒಂದೊಂದಾಗಿ ಆಡುನುಡಿಯತ್ತ ತಿರುಗಿದವು. ವಿದ್ವತ್ಸಭೆ ತಳ್ಳಿಹಾಕಿದ ನುಡಿಯನ್ನು ಜನ ಕೈಬಿಡಲಿಲ್ಲ. ಭಾಷಾವಿಭಾಗಗಳಲ್ಲಿ ಕಾವ್ಯವನ್ನು ಓದುವ, ಓದಿಸುವ ನಾವು ಈ ಬಾಳಿನಿಂದ ಕಲಿಯಬೇಕಾದುದು ಇದನ್ನೇ.