ಗುಟ್ಟಿನ ಅಂಕಗಳನ್ನು ಕೈಬಿಟ್ಟ ಸೂಪರಿಂಟೆಂಡೆಂಟ್

ಅಮೆರಿಕದ ಸಾರ್ವಜನಿಕ ಶಾಲೆಗಳ ಆಡಳಿತ ಬಹುಮಟ್ಟಿಗೆ ಸ್ಥಳೀಯವಾದುದು. ಊರಿಗೋ ನಗರಕ್ಕೋ ಒಂದು ಶಾಲಾ ಜಿಲ್ಲೆ, ಅದನ್ನು ಆಳಲು ಒಂದು ಶಾಲಾ ಮಂಡಳಿ, ಮಂಡಳಿಯ ಕೈಕೆಳಗೆ ಒಬ್ಬ ಸೂಪರಿಂಟೆಂಡೆಂಟ್. ಯಾರಿಗೆ ಕೆಲಸ ಕೊಡಬೇಕು, ಯಾವ ಶಾಲೆಗೆ ಕಳಿಸಬೇಕು, ಎಷ್ಟು ಸಂಬಳ ಗೊತ್ತುಮಾಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ತೀರ್ಮಾನಗಳೆಲ್ಲ ಅಲ್ಲಿಯೇ ಆಗುತ್ತವೆ. ಇಂದು ಈ ಕೆಲಸಕ್ಕೆ ಮಾನವ ಸಂಪನ್ಮೂಲ ವಿಭಾಗ ಎಂಬ ಗಂಭೀರವಾದ ಹೆಸರಿದೆ. ನೂರು ವರ್ಷಗಳ ಹಿಂದೆ ಹೆಸರಿರಲಿಲ್ಲ, ಜಗಳ ಮಾತ್ರ ಇತ್ತು. ಆ ಜಗಳದ ನಡುವೆ ನಿಂತ ಎಲಾ ಫ್ಲ್ಯಾಗ್ ಯಂಗ್ ಅವರ ಬದುಕು ಶಿಕ್ಷಕರ ನೇಮಕ, ವೇತನ, ವರ್ಗಾವಣೆಗಳ ಬಗ್ಗೆ ಯೋಚಿಸುವವರೆಲ್ಲ ತಿಳಿದಿರಬೇಕಾದದ್ದು ಎಂದು ನಾನು ಭಾವಿಸಿದ್ದೇನೆ.

ಯಂಗ್ ಹುಟ್ಟಿದ್ದು 1845ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ. ತಂದೆ ಲೋಹದ ತಗಡಿನ ಕೆಲಸ ಬಲ್ಲ ಕುಶಲಕರ್ಮಿ. ಎಳವೆಯಲ್ಲಿ ಆಕೆ ಓದಲು ಕಲಿತದ್ದು ಮನೆಯಲ್ಲಿ, ಹೆಚ್ಚಾಗಿ ತಾನಾಗಿಯೇ. ಕುಟುಂಬ ಷಿಕಾಗೋಗೆ ಬಂದ ಮೇಲೆ ನಾರ್ಮಲ್ ಸ್ಕೂಲ್ ಎಂದು ಕರೆಯುತ್ತಿದ್ದ ಶಿಕ್ಷಕರ ತರಬೇತಿ ಶಾಲೆ ಸೇರಿ, 1862ರಲ್ಲಿ ಹದಿನೇಳರ ವಯಸ್ಸಿಗೆ ಪಾಠ ಹೇಳಲು ನಿಂತರು. 1868ರಲ್ಲಿ ಮದುವೆಯಾಯಿತು. ಐದು ವರ್ಷಗಳಲ್ಲಿ ಪತಿ ತೀರಿಕೊಂಡರು. ಅಲ್ಲಿಂದ ಮುಂದೆ ಅವರ ಬದುಕೆಲ್ಲ ಷಿಕಾಗೋದ ಶಾಲೆಗಳಿಗೇ ಸಂದಿತು. ಶಿಕ್ಷಕಿ, ಮುಖ್ಯೋಪಾಧ್ಯಾಯಿನಿ, 1887ರಿಂದ ಸಹಾಯಕ ಸೂಪರಿಂಟೆಂಡೆಂಟ್: ಒಂದೊಂದು ಮೆಟ್ಟಿಲನ್ನೂ ಅವರು ಹತ್ತಿಯೇ ಬಂದವರು. ತರಗತಿಯ ಒಳಗೆ ಎಂದೂ ನಿಲ್ಲದವರು ಶಿಕ್ಷಣ ಇಲಾಖೆಯ ಎತ್ತರದ ಕುರ್ಚಿಗಳಲ್ಲಿ ಕೂರುವುದನ್ನು ಕಂಡಿರುವ ನಮಗೆ ಇದು ಸಣ್ಣ ಸಂಗತಿಯಾಗಿ ಕಾಣಬಾರದು.

ಆ ದಿನಗಳ ಷಿಕಾಗೋ ಹುಚ್ಚು ವೇಗದಲ್ಲಿ ಬೆಳೆಯುತ್ತಿದ್ದ ನಗರ. ಯುರೋಪಿನ ಮೂಲೆಮೂಲೆಗಳಿಂದ ವಲಸೆ ಬಂದವರ ಮಕ್ಕಳು ತರಗತಿಗಳಲ್ಲಿ ತುಂಬಿ ತುಳುಕುತ್ತಿದ್ದರು. ಮಂಡಳಿಯ ಸದಸ್ಯರನ್ನು ನೇಮಿಸುತ್ತಿದ್ದವರು ಮೇಯರ್. ಸಹಜವಾಗಿಯೇ ಶಿಕ್ಷಕರ ಹುದ್ದೆಗಳಿಗೂ ಬಡ್ತಿಗಳಿಗೂ ರಾಜಕಾರಣಿಗಳ ಶಿಫಾರಸು ಅಂಟಿಕೊಂಡಿತ್ತು. ಇದಕ್ಕೆ ಮದ್ದು ಹುಡುಕಲು ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ನೇತೃತ್ವದಲ್ಲಿ ಆಯೋಗವೊಂದು ನೇಮಕವಾಯಿತು. ಮಂಡಳಿ ಚಿಕ್ಕದಾಗಬೇಕು, ನೇಮಕಾತಿ ಮತ್ತು ಬಡ್ತಿಯ ಅಧಿಕಾರ ಸೂಪರಿಂಟೆಂಡೆಂಟರ ಕೈಗೆ ಬರಬೇಕು, ಪದವೀಧರರಿಗೆ ಆದ್ಯತೆ ಸಿಗಬೇಕು ಎಂಬುದು ಅದರ ಮದ್ದು. ಶಿಫಾರಸು ತಪ್ಪಿಸಲು ಇದು ಒಳ್ಳೆಯ ದಾರಿ ಎಂದು ವಿದ್ಯಾವಂತರು ತಲೆದೂಗಿದರು. ಆದರೆ ಪ್ರಾಥಮಿಕ ಶಾಲೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಮಹಿಳೆಯರು. ಅವರಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಅನುಕೂಲ ಇದ್ದವರು ಕಡಿಮೆ. ಈ ಮದ್ದು ತಮ್ಮ ಬಾಯಿಗೇ ಬೀಳುತ್ತದೆ ಎಂದು ಅವರು ಬಲು ಬೇಗ ಅರಿತರು. 1899ರಲ್ಲಿ ಹಾರ್ಪರ್ ಮಸೂದೆ ರಾಜ್ಯ ಶಾಸನಸಭೆಯಲ್ಲಿ ಬಿದ್ದುಹೋಯಿತು.

ಅದೇ ವರ್ಷ ಯಂಗ್ ರಾಜೀನಾಮೆ ಕೊಟ್ಟರು. ಹೊಸ ಸೂಪರಿಂಟೆಂಡೆಂಟ್ ಬೆಂಜಮಿನ್ ಆಂಡ್ರ್ಯೂಸ್ ಎಲ್ಲವನ್ನೂ ತಾವೇ ನಿರ್ಧರಿಸುವ ಸ್ವಭಾವದವರು. ಮೇಲಿನ ಆಜ್ಞೆಗೆ ಮುದ್ರೆ ಒತ್ತುವ ಅಧಿಕಾರಿಯಾಗಿ ಉಳಿಯಲು ಯಂಗ್ ಒಪ್ಪಲಿಲ್ಲ. ಐವತ್ತನಾಲ್ಕರ ವಯಸ್ಸಿನಲ್ಲಿ ಕೆಲಸ ಬಿಟ್ಟು ಮತ್ತೆ ವಿದ್ಯಾರ್ಥಿನಿಯಾದರು. ಗುರು ಜಾನ್ ಡ್ಯೂಯಿ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾ. ಅಂಬೇಡ್ಕರ್ ಅವರಿಗೆ ಪಾಠ ಹೇಳಿದ ಅದೇ ಡ್ಯೂಯಿ. ಇಲ್ಲಿ ಕಲಿಕೆ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ. ಶಾಲೆಯೊಳಗೆ ಪ್ರಜಾಪ್ರಭುತ್ವ ಹೇಗೆ ಬದುಕುತ್ತದೆ ಎಂಬುದನ್ನು ತಾವು ಬಹಳವಾಗಿ ಯಂಗ್ ಅವರಿಂದ ತಿಳಿದದ್ದಾಗಿ ಡ್ಯೂಯಿ ಸ್ವತಃ ಒಪ್ಪಿಕೊಂಡಿದ್ದರು.

1900ರಲ್ಲಿ ಯಂಗ್ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯ ಶಾಲಾ ವ್ಯವಸ್ಥೆಯೊಳಗಿನ ಪ್ರತ್ಯೇಕತೆ. ಯೋಚಿಸುವ ಕೆಲಸ ಒಂದು ಗುಂಪಿಗೆ, ಯೋಚಿಸಿದ್ದನ್ನು ಮಾಡಿ ಮುಗಿಸುವ ಕೆಲಸ ಇನ್ನೊಂದು ಗುಂಪಿಗೆ ಹಂಚಿಹೋದರೆ ಶಾಲೆ ಕಾರ್ಖಾನೆಯಾಗುತ್ತದೆ, ಶಿಕ್ಷಕಿ ಯಂತ್ರದ ಒಂದು ಹಲ್ಲಾಗುತ್ತಾಳೆ ಎಂಬುದು ಅದರ ತಿರುಳು. ಸ್ವಂತ ಬುದ್ಧಿ ಬಳಸಲು ಬಿಡದ ವ್ಯವಸ್ಥೆಯಲ್ಲಿ ದುಡಿಯುವವರು ಮಕ್ಕಳಿಗೆ ಸ್ವತಂತ್ರವಾಗಿ ಯೋಚಿಸುವುದನ್ನು ಕಲಿಸಲಾರರು. ಆದ್ದರಿಂದ ಪಠ್ಯಕ್ರಮ ಮೊದಲಾದ ವಿಷಯಗಳಲ್ಲಿ ಶಿಕ್ಷಕರ ಮಾತು ಮೇಲಕ್ಕೆ ಮುಟ್ಟುವ ಶಿಕ್ಷಕ ಸಮಿತಿಗಳು ಬೇಕು. ಅವು ಸಲಹಾ ಸಮಿತಿಗಳೇ ಹೊರತು ಆಳುವ ಸಮಿತಿಗಳಲ್ಲ; ಕೊನೆಯ ಮಾತು ಸೂಪರಿಂಟೆಂಡೆಂಟರದೇ ಆಗಿರಬೇಕೆಂಬುದರಲ್ಲಿ ಯಂಗ್ ಅವರಿಗೆ ಸಂದೇಹವಿರಲಿಲ್ಲ. ಅವರನ್ನು ಕ್ರಾಂತಿಕಾರಿಯೆಂದು ಹೊಗಳುವವರು ಇದನ್ನು ಮರೆಯುತ್ತಾರೆ.

ಅವರು ಆಡಳಿತದಿಂದ ಹೊರಗಿದ್ದ ಆ ದಶಕದಲ್ಲಿ ಶಿಕ್ಷಕಿಯರು ಬೇರೊಂದು ದಾರಿ ಹಿಡಿದಿದ್ದರು. 1897ರಲ್ಲಿ ಹುಟ್ಟಿದ ಷಿಕಾಗೋ ಶಿಕ್ಷಕರ ಒಕ್ಕೂಟಕ್ಕೆ ಮಾರ್ಗರೆಟ್ ಹೇಲಿ, ಕ್ಯಾಥರೀನ್ ಗಾಗಿನ್ ಎಂಬ ಇಬ್ಬರು ಗಟ್ಟಿಗಿತ್ತಿಯರು ನಾಯಕಿಯರು. ಒಪ್ಪಿದ್ದ ಸಂಬಳ ಏರಿಕೆಯನ್ನು ಮಂಡಳಿ ಬೊಕ್ಕಸ ಬರಿದಾಗಿದೆಯೆಂದು ಹಿಂದಕ್ಕೆ ಪಡೆದಾಗ, ಇವರು ಬೇಡುತ್ತ ಕೂರದೆ ತೆರಿಗೆಯ ಲೆಕ್ಕಪುಸ್ತಕ ಬಿಚ್ಚಿದರು. ಅನಿಲ, ವಿದ್ಯುತ್, ಟ್ರಾಂ ಕಂಪನಿಗಳು ನಗರದ ಬೀದಿಗಳನ್ನು ಬಳಸುವ ಪರವಾನಗಿಯ ಮೌಲ್ಯಕ್ಕೆ ತೆರಿಗೆಯನ್ನೇ ಕಟ್ಟುತ್ತಿಲ್ಲವೆಂದು ತೋರಿಸಿ ನ್ಯಾಯಾಲಯದಲ್ಲಿ ಗೆದ್ದರು. ಹಣ ಬಂತು. ಮಂಡಳಿ ಅದನ್ನು ಬೇರೆ ವೆಚ್ಚಗಳಿಗೆ ತಿರುಗಿಸಿತು! ಮತ್ತೆ ಮೊಕದ್ದಮೆ, 1904ರಲ್ಲಿ ಮತ್ತೆ ಗೆಲುವು. ಶಿಕ್ಷಕರ ಸಂಬಳವೆಂಬುದು ಊರಿನ ತೆರಿಗೆಯನ್ನು ಯಾರು ಕಟ್ಟುತ್ತಾರೆ, ಯಾರು ತಪ್ಪಿಸಿಕೊಳ್ಳುತ್ತಾರೆ ಎಂಬುದಕ್ಕೆ ಬೆಸೆದ ವಿಷಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ನನಗೆ ಕಂಡಿಲ್ಲ.

ಆಗ ಸೂಪರಿಂಟೆಂಡೆಂಟ್ ಆಗಿದ್ದವರು ಎಡ್ವಿನ್ ಕೂಲಿ. ಶಿಫಾರಸನ್ನು ತಡೆಯುವುದರಲ್ಲಿ ಅವರು ಪ್ರಾಮಾಣಿಕರಾಗಿದ್ದರು. ಅದಕ್ಕಾಗಿ ಅವರು ತಂದ ಉಪಾಯ ದಕ್ಷತೆಯ ಅಂಕ. ಪ್ರತಿ ಶಿಕ್ಷಕಿಗೂ ಅಂಕ ಬೀಳುತ್ತಿತ್ತು; ಹೆಚ್ಚಿನ ವೇತನ ಶ್ರೇಣಿಗೆ ಏರಲು ಆ ಅಂಕವೂ ಬಡ್ತಿ ಪರೀಕ್ಷೆಯೂ ಬೇಕಿತ್ತು. ಆದರೆ ತನಗೆಷ್ಟು ಅಂಕ ಬಿದ್ದಿದೆ, ಯಾಕೆ ಕಡಿಮೆಯಾಗಿದೆ ಎಂಬುದು ಶಿಕ್ಷಕಿಗೆ ಗೊತ್ತಾಗುವಂತಿರಲಿಲ್ಲ. ರಾಜಕಾರಣಿಯ ಕಾಟ ತಪ್ಪಿಸಲು ಹೊರಟ ಕ್ರಮ ಮೇಲಧಿಕಾರಿಯ ಭಯವನ್ನು ತಂದು ಕೂರಿಸಿತು. ನಮ್ಮ ಸರ್ಕಾರಿ ನೌಕರರಿಗೆ ಈ ಗುಟ್ಟು ಹೊಸದೇನಲ್ಲ. ವಾರ್ಷಿಕ ಗೌಪ್ಯ ವರದಿಯಲ್ಲಿ ಬರೆದದ್ದನ್ನೆಲ್ಲ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ ದೇವದತ್ತ ಪ್ರಕರಣದಲ್ಲಿ ಹೇಳಿದ್ದು 2008ರಲ್ಲಿ.

ಷಿಕಾಗೋದಲ್ಲಿ ಆ ಗುಟ್ಟು ಅದಕ್ಕಿಂತ ಒಂದು ಶತಮಾನ ಮೊದಲೇ ಮುಗಿಯಿತು. 1909ರ ಜುಲೈನಲ್ಲಿ, ಹಲವು ಹೆಸರುಗಳ ನಡುವೆ ತೀರ್ಮಾನಕ್ಕೆ ಬರಲಾಗದ ಮಂಡಳಿ ಕಡೆಗೆ ಅರವತ್ತನಾಲ್ಕು ವರ್ಷದ ಯಂಗ್ ಅವರನ್ನು ಸೂಪರಿಂಟೆಂಡೆಂಟ್ ಆಗಿ ಆರಿಸಿತು. ಸುಮಾರು 3 ಲಕ್ಷ ಮಕ್ಕಳು, 6 ಸಾವಿರದಷ್ಟು ಶಿಕ್ಷಕರು, ವರ್ಷಕ್ಕೆ 10,000 ಡಾಲರ್ ಸಂಬಳ. ಅಮೆರಿಕದ ದೊಡ್ಡ ನಗರವೊಂದರ ಶಾಲೆಗಳಿಗೆ ಮಹಿಳೆಯೊಬ್ಬರು ಮುಖ್ಯಸ್ಥೆಯಾದದ್ದು ಅದೇ ಮೊದಲು. ಬಂದವರೇ ಗುಟ್ಟಿನ ಅಂಕದ ಪದ್ಧತಿಯನ್ನು ರದ್ದುಪಡಿಸಿದರು. ಕೆಲಸ ಕಳಪೆಯೆಂದು ಕಂಡರೆ ಅದನ್ನು ಎದುರಿಗೆ ಹೇಳಬೇಕು, ತಿದ್ದಿಕೊಳ್ಳಲು ಅವಕಾಶ ಕೊಡಬೇಕು ಎಂಬುದು ಇದರ ಹಿಂದಿನ ಸರಳವಾದ ನ್ಯಾಯ. ಮರುವರ್ಷ ರಾಷ್ಟ್ರೀಯ ಶಿಕ್ಷಣ ಸಂಘದ ಸಭೆ, ಪದ್ಧತಿಯಂತೆ ಸಮಿತಿ ಸೂಚಿಸಿದ ಹೆಸರನ್ನು ಬದಿಗಿಟ್ಟು, ಯಂಗ್ ಅವರನ್ನು ತನ್ನ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಆರಿಸಿತು.

ಸುಖದ ದಿನಗಳು ಬಹಳ ಇರಲಿಲ್ಲ. ಮಂಡಳಿಯ ಒಂದು ಬಣ ಅವರ ಕೈಕಟ್ಟುತ್ತಲೇ ಇತ್ತು. ಪ್ರೌಢಶಾಲೆಗಳಲ್ಲಿ ಲೈಂಗಿಕ ಆರೋಗ್ಯದ ಉಪನ್ಯಾಸ ಏರ್ಪಡಿಸಿದ್ದೂ ವಿರೋಧಿಗಳಿಗೆ ಒಂದು ನೆಪವಾಯಿತು. 1913ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು, ಒತ್ತಾಯಕ್ಕೆ ಮಣಿದು ಹಿಂದಕ್ಕೆ ಪಡೆದರು. ಡಿಸೆಂಬರಿನಲ್ಲಿ ಮಂಡಳಿ ರಹಸ್ಯ ಮತದಾನ ನಡೆಸಿ ಅವರ ಸಹಾಯಕ ಜಾನ್ ಶೂಪ್ ಅವರನ್ನು ಆರಿಸಿತು. ಅದೇ ವರ್ಷ ಇಲಿನಾಯ್ ರಾಜ್ಯದ ಮಹಿಳೆಯರಿಗೆ ಅಧ್ಯಕ್ಷರ ಚುನಾವಣೆಯಲ್ಲೂ ನಗರಸಭೆಯ ಚುನಾವಣೆಯಲ್ಲೂ ಮತದ ಹಕ್ಕು ಸಿಕ್ಕಿತ್ತೆಂಬುದನ್ನು ಮಂಡಳಿ ಮರೆತಿತ್ತು. ಮಹಿಳಾ ಸಂಘಗಳು ಎದ್ದುನಿಂತವು. ಮೇಯರ್ ಕಾರ್ಟರ್ ಹ್ಯಾರಿಸನ್ ತಮ್ಮ ಬಳಿ ಮೊದಲೇ ಇದ್ದ ಕೆಲವು ಸದಸ್ಯರ ರಾಜೀನಾಮೆ ಪತ್ರಗಳನ್ನು ಅಂಗೀಕರಿಸಿಬಿಟ್ಟರು. ಎರಡು ವಾರದೊಳಗೆ ಯಂಗ್ ಮರಳಿ ಬಂದರು. ಸಂತೋಷದ ಸುದ್ದಿಯೇ. ಆದರೂ ಶಿಕ್ಷಕರ ನೇಮಕಾತಿಯಿಂದ ರಾಜಕೀಯವನ್ನು ದೂರವಿಡಲು ದುಡಿದವರನ್ನು ಉಳಿಸಿದ್ದು ಮೇಯರ್ ಒಬ್ಬರ ರಾಜಕೀಯ ತಂತ್ರ ಎಂಬುದು ನನಗೆ ಹಿತವೆನಿಸುವುದಿಲ್ಲ.

1915ರಲ್ಲಿ ಮಂಡಳಿಯ ಪ್ರಮುಖ ಜೇಕಬ್ ಲೋಬ್, ಶಿಕ್ಷಕರು ಕಾರ್ಮಿಕ ಸಂಘಟನೆಗಳ ಜೊತೆ ಸೇರಿದ ಒಕ್ಕೂಟದ ಸದಸ್ಯರಾಗುವಂತಿಲ್ಲ ಎಂಬ ನಿಯಮ ತಂದರು. ಅದೇ ವರ್ಷದ ಕೊನೆಗೆ ಯಂಗ್ ನಿವೃತ್ತರಾದರು. ಆಗ ಶಿಕ್ಷಕರ ನೇಮಕ ಪ್ರತಿ ವರ್ಷವೂ ನವೀಕರಣವಾಗಬೇಕಿತ್ತು. 1916ರ ಬೇಸಿಗೆಯಲ್ಲಿ ಮಂಡಳಿ 68 ಮಂದಿಯನ್ನು ನವೀಕರಿಸದೆ ಕೈಬಿಟ್ಟಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಕ್ಕೂಟದವರು, ಹಲವರ ಕೆಲಸ ಒಳ್ಳೆಯದೆಂದೇ ದಾಖಲಾಗಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1917ರಲ್ಲಿ ಮಂಡಳಿಯ ಪರವಾಗಿ ತೀರ್ಪಿತ್ತಿತು. ಆದರೆ ಅದೇ ವರ್ಷ ಬಂದ ಓಟಿಸ್ ಕಾಯಿದೆ, ಮೂರು ವರ್ಷದ ಪ್ರೊಬೇಷನ್ ಮುಗಿಸಿದ ಶಿಕ್ಷಕರನ್ನು ಕಾರಣ ತೋರದೆ ತೆಗೆಯುವಂತಿಲ್ಲವೆಂದು ವಿಧಿಸಿತು.

ನಿವೃತ್ತಿಯ ನಂತರ ಯಂಗ್ ಮೊದಲ ಮಹಾಯುದ್ಧದ ಲಿಬರ್ಟಿ ಸಾಲಪತ್ರಗಳ ಪ್ರಚಾರದಲ್ಲಿ ಊರೂರು ಸುತ್ತಿದರು. 1918ರ ಅಕ್ಟೋಬರ್ 26ರಂದು, ಜಗತ್ತನ್ನೇ ನಡುಗಿಸಿದ ಇನ್‌ಫ್ಲುಯೆಂಜಾಕ್ಕೆ ಬಲಿಯಾದಾಗ ಅವರಿಗೆ ಎಪ್ಪತ್ತಮೂರು ವರ್ಷ. ಅವರ ಹೆಸರಿನ ಶಾಲೆ ಷಿಕಾಗೋದಲ್ಲಿದೆ. ಅವರು ಪೋಷಿಸಿದ್ದ ಶಿಕ್ಷಕ ಸಮಿತಿಗಳನ್ನು ಮಾತ್ರ 1924ರಲ್ಲಿ ಸೂಪರಿಂಟೆಂಡೆಂಟ್ ಆಗಿ ಬಂದ ವಿಲಿಯಂ ಮೆಕ್‌ಆಂಡ್ರ್ಯೂ ರದ್ದುಮಾಡಿದರು.