ಥರ್ಮೋಸ್ಟಾಟ್ ಮೇಷ್ಟ್ರು ವಾರೆನ್ ಜಾನ್ಸನ್

ಎಡಿಸನ್, ಟೆಸ್ಲಾ ಅಂದ್ರೆ ನಾವೆಲ್ಲ ಗಂಟೆಗಟ್ಟಲೆ ಮಾತಾಡ್ತೀವಿ. ವಾರೆನ್ ಜಾನ್ಸನ್ ಅಂದ್ರೆ ಮಾತ್ರ ಯಾರಪ್ಪಾ ಅದು ಅಂತೀವಿ. ಚಳಿ ದೇಶಗಳ ಮನೆ ಗೋಡೆ ಮೇಲೆ ಥರ್ಮೋಸ್ಟಾಟ್ ಬಂದ ಕಥೆಯಲ್ಲಿ ಇವರದು ದೊಡ್ಡ ಹೆಸರು.

ಜಾನ್ಸನ್ ಹುಟ್ಟಿದ್ದು 1847ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಬೆಳೆದದ್ದು ವಿಸ್ಕಾನ್ಸಿನ್‌ನಲ್ಲಿ. ಮೊದಲು ಅವರು ಮೇಷ್ಟ್ರು. ವೈಟ್‌ವಾಟರ್ ಊರಿನ ನಾರ್ಮಲ್ ಸ್ಕೂಲ್‌ನಲ್ಲಿ, ಅಂದ್ರೆ ಶಿಕ್ಷಕರನ್ನು ತಯಾರು ಮಾಡೋ ಕಾಲೇಜಿನಲ್ಲಿ, ಪಾಠ ಮಾಡ್ತಿದ್ರು.

ಅಲ್ಲಿನ ಚಳಿಗಾಲದಲ್ಲಿ ಹಿಮ ಬೀಳುತ್ತೆ. ಕಟ್ಟಡ ಬೆಚ್ಚಗಿಡೋ ಬೆಂಕಿ ಉರಿಯೋದು ನೆಲಮಾಳಿಗೆಯಲ್ಲಿ. ಮೇಲಿನ ಕ್ಲಾಸ್‌ರೂಮ್ ಎಷ್ಟು ಬಿಸಿ ಇದೆ ಅಂತ ಕೆಳಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಕಟ್ಟಡದ ಕೆಲಸಗಾರ ಪಾಠದ ಮಧ್ಯೆ ಒಳಗೆ ಬಂದು, ಥರ್ಮಾಮೀಟರ್ ನೋಡಿ, ಮತ್ತೆ ಕೆಳಗಿಳಿದು ಡ್ಯಾಂಪರ್ ತೆರೀಬೇಕು ಇಲ್ಲ ಮುಚ್ಚಬೇಕು. ಅಷ್ಟರಲ್ಲಿ ಒಂದು ರೂಮ್ ಬೇಯ್ತಿರುತ್ತೆ, ಇನ್ನೊಂದು ನಡುಗ್ತಿರುತ್ತೆ. ಪಾಠವೂ ಕೆಡುತ್ತೆ, ಇಂಧನವೂ ದಂಡ.

ಜಾನ್ಸನ್ ಇದಕ್ಕೊಂದು ದಾರಿ ಹುಡುಕಿದರು. ಎರಡು ಲೋಹಗಳನ್ನು ಅಂಟಿಸಿದ ಸುರುಳಿ ಬಿಸಿಯಾದಾಗ ಬಾಗುತ್ತೆ. ಅದಕ್ಕೆ ಪಾದರಸದ ಸ್ವಿಚ್ ಜೋಡಿಸಿದರು. ರೂಮಿನ ಉಷ್ಣತೆ ಬದಲಾದರೆ ಕೆಳಗೆ ಗಂಟೆ ಬಾರಿಸಿ ಕೆಲಸಗಾರನಿಗೆ ತಿಳಿಸೋ ಸಾಧನ ಇದು. 1883ರಲ್ಲಿ ಪೇಟೆಂಟ್ ಸಿಕ್ಕಿತು. ಗಮನಿಸಿ, ಅಳೆಯೋದು ಯಂತ್ರ, ಆದರೆ ಡ್ಯಾಂಪರ್ ತಿರುಗಿಸೋದು ಇನ್ನೂ ಮನುಷ್ಯನೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೆನ್ಸರ್ ಬಂತು, ಆಕ್ಚುಯೇಟರ್ ಬಾಕಿ.

ವಿಲಿಯಂ ಪ್ಲ್ಯಾಂಕಿಂಟನ್ ಎಂಬುವರು ಹಣ ಹಾಕಿದ ಮೇಲೆ 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಶುರುವಾಯ್ತು. ಬರ್ತಾ ಬರ್ತಾ ಒತ್ತಿದ ಗಾಳಿಯಿಂದ ವಾಲ್ವ್ ತಾನೇ ತೆರೆದು ಮುಚ್ಚೋ ವ್ಯವಸ್ಥೆಯೂ ಬಂತು. ಒಂದೇ ಕಟ್ಟಡದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಇಡೋ ವಿಧಾನಕ್ಕೆ 1895ರಲ್ಲಿ ಪೇಟೆಂಟ್. ಲೂಪ್ ಪೂರ್ತಿ ಆಯ್ತು.

ಜಾನ್ಸನ್ ಒಂದೇ ವಿಷಯಕ್ಕೆ ಅಂಟಿಕೊಳ್ಳೋ ಜಾಯಮಾನದವರಲ್ಲ. ಗೋಪುರ ಗಡಿಯಾರ, ವೈರ್‌ಲೆಸ್, ಮೋಟಾರು ಗಾಡಿ, ಎಲ್ಲದಕ್ಕೂ ಕೈಹಾಕಿದರು. 1911ರಲ್ಲಿ ತೀರಿಕೊಂಡರು. ಆಮೇಲೆ ಕಂಪನಿ ಮಿಕ್ಕಿದ್ದನ್ನೆಲ್ಲ ಬಿಟ್ಟು ಉಷ್ಣತೆ ನಿಯಂತ್ರಣವನ್ನೇ ಹಿಡಿದುಕೊಂಡಿತು. ಇವತ್ತಿನ ಜಾನ್ಸನ್ ಕಂಟ್ರೋಲ್ಸ್ ಅದೇ.

ಆದರೆ ರೂಮಿನ ಥರ್ಮೋಸ್ಟಾಟ್‌ಗೆ ಒಂದು ಮಿತಿ ಇದೆ. ರೂಮ್ ತಣ್ಣಗಾದ ಮೇಲೇ ಅದು ಎಚ್ಚರ ಆಗೋದು. ಬಾಯ್ಲರ್ ಮಾತ್ರ ಚಳಿ ಕಮ್ಮಿ ಇದ್ದರೂ ಅಷ್ಟೇ ಬಿಸಿ ನೀರು ಕಳಿಸುತ್ತೆ. ಅದಕ್ಕೇ ಈಗ ಮನೆ ಹೊರಗೋಡೆಗೂ ಒಂದು ಸೆನ್ಸರ್ ಹಾಕ್ತಾರೆ. ಹೊರಗೆ ಕೊರೆಯೋ ಚಳಿ ಇದ್ದರೆ ರೇಡಿಯೇಟರ್‌ಗೆ ಹೋಗೋ ನೀರು, ಉದಾಹರಣೆಗೆ, 70 ಡಿಗ್ರಿ. ಹವೆ ಹಿತವಾಗಿದ್ದರೆ 45 ಸಾಕು. ಕಂಡೆನ್ಸಿಂಗ್ ಗ್ಯಾಸ್ ಬಾಯ್ಲರ್‌ಗೆ ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯಲ್ಲಿರೋ ಆವಿ ನೀರಾಗಿ, ಚಿಮಣಿ ಪಾಲಾಗ್ತಿದ್ದ ಶಾಖವೂ ಸಿಗುತ್ತೆ. ಗ್ಯಾಸ್ ಉಳಿಯೋದು ಅಲ್ಲೇ.

ರೂಮ್ ನೋಡಿ ಸರಿ ಮಾಡೋದು ಫೀಡ್‌ಬ್ಯಾಕ್, ಹವೆ ನೋಡಿ ಮೊದಲೇ ತಯಾರಾಗೋದು ಫೀಡ್‌ಫಾರ್ವರ್ಡ್. ಮುಂದಿನ ಸಲ ಬ್ಲಾಕ್ ಡಯಾಗ್ರಾಂನಲ್ಲಿ ಫೀಡ್‌ಬ್ಯಾಕ್ ಗೆರೆ ಎಳೆಯುವಾಗ ನೆನಪಿರಲಿ, ಒಂದು ಕಾಲಕ್ಕೆ ಆ ಗೆರೆಯ ಕೆಲಸವನ್ನು ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಇಳಿದು ಮಾಡ್ತಿದ್ದ.